ಮೇಲ್ ಖಾತೆ ಹೋಯಿತು, ಮೇಲ್ ಉಳಿಯಿತು

ಕಳೆದ ತಿಂಗಳು ನನ್ನ ಮೇಲ್ ಸೇವೆ ಇದ್ದಕ್ಕಿದ್ದಂತೆ ನಿಂತಿತು. ಬೇರೆ ಕಂಪನಿಗೆ ಸಾಗಿಸಿ, ಹೊಸ ಮೇಲ್ ಮತ್ತೆ ಬರುವ ಹಾಗೆ ಮಾಡಲು ಹಿಡಿದದ್ದು ಸುಮಾರು 50 ನಿಮಿಷ. ಹಳೆಯದರಲ್ಲಿ ಒಂದೇ ಒಂದು ಮೇಲ್ ಕಳೆಯಲಿಲ್ಲ. "ಮೇಲ್‌ಗೋಸ್ಕರ ಇಷ್ಟೊಂದು ಯಾಕ್ರೀ ತಲೆ ಕೆಡಿಸ್ಕೋತೀರಿ, ಕ್ಲೌಡ್‌ನಲ್ಲಿ ಇರುತ್ತಲ್ಲ" ಎಂದಿದ್ದ ಇಬ್ಬರು ಸಹೋದ್ಯೋಗಿಗಳು ಈಗ ನನ್ನ ಕಾನ್ಫಿಗ್ ಫೈಲ್ (ಪ್ರೋಗ್ರಾಂ ಹೇಗೆ ನಡೆಯಬೇಕೆಂದು ಬರೆದಿಡುವ ಕಡತ) ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಕಥೆ ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಉಚಿತ ವೆಬ್‌ಮೇಲ್, ಹದಿಮೂರೋ ಹದಿನಾಲ್ಕೋ ವರ್ಷದ ಖಾತೆ. ಹೊಸ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗಲು ಹೋದರೆ ಪಾಸ್‌ವರ್ಡ್ ಸರಿ ಎಂದು ಒಪ್ಪಿಕೊಂಡಿತು, ಆದರೆ ಇದು ನೀವೇ ಎಂದು ಖಾತ್ರಿಯಾಗುತ್ತಿಲ್ಲ ಎಂದು ಬಾಗಿಲು ಹಾಕಿತು. ಕೋಡ್ ಹೋಗುತ್ತಿದ್ದದ್ದು ನಾನು ಬಿಟ್ಟು ಎರಡು ವರ್ಷವಾಗಿದ್ದ ಫೋನ್ ನಂಬರಿಗೆ. ಉಳಿದದ್ದು ರಿಕವರಿ ವಿಳಾಸ, ಅಂದರೆ ಬೀಗ ಬಿದ್ದಾಗ ಬಿಡಿಸಿಕೊಳ್ಳಲು ಕೊಟ್ಟಿಡುವ ಇನ್ನೊಂದು ಮೇಲ್ ವಿಳಾಸ. ಆ ಖಾತೆಯ ಪಾಸ್‌ವರ್ಡ್ ಎಂದೋ ಮರೆತಿತ್ತು, ಅದರ ರಿಕವರಿ ವಿಳಾಸ ನೋಡಿದರೆ ಬೀಗ ಬಿದ್ದ ಇದೇ ಖಾತೆ! ಎರಡು ಪೆಟ್ಟಿಗೆ, ಒಂದರ ಬೀಗದ ಕೈ ಇನ್ನೊಂದರೊಳಗೆ. ಖಾತೆ ಬಿಡಿಸಿಕೊಡಿ ಎಂದು ಕೇಳುವ ಫಾರ್ಮ್ ಇಪ್ಪತ್ತು ಸಲವಾದರೂ ತುಂಬಿದ್ದೇನೆ. ಪ್ರತಿ ಸಲವೂ ಅದೇ ಸಿದ್ಧ ಉತ್ತರ. ಮಾತಾಡಲು ಒಬ್ಬ ಮನುಷ್ಯ ಸಿಗಲಿಲ್ಲ. ಫೋಟೊ ಇಟ್ಟಿದ್ದ ಡ್ರೈವ್, ಬಾಡಿಗೆ ಸರ್ವರ್, ಕೆಲಸದ ಬಿಲ್‌ಗಳು, ಎಲ್ಲಕ್ಕೂ ಅದೇ ವಿಳಾಸ.

ನನ್ನನ್ನು ಉಳಿಸಿದ್ದು ಡ್ರಾಯರ್‌ನಲ್ಲಿದ್ದ ಹಳೇ ಲ್ಯಾಪ್‌ಟಾಪ್. ಅದರಲ್ಲಿ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಇತ್ತು, ಅದಕ್ಕೆಂದೇ ಯಾವತ್ತೋ ಮಾಡಿಕೊಂಡಿದ್ದ ಪ್ರತ್ಯೇಕ ಆಪ್ ಪಾಸ್‌ವರ್ಡ್ ಇತ್ತು. ನೆಟ್ ಕೊಟ್ಟೆ. ಒಂದು ನಿಮಿಷ ಏನೂ ಇಲ್ಲ, ಆಮೇಲೆ ಇನ್‌ಬಾಕ್ಸಿನ ಪಕ್ಕದ ಅಂಕಿ ಏರತೊಡಗಿತು. ವೆಬ್ ಬಾಗಿಲು ಮುಚ್ಚಿದ್ದರೂ, ಇಂಥ ಪ್ರೋಗ್ರಾಂಗಳು ಮೇಲ್ ತರುವ ಐಮ್ಯಾಪ್ ಎಂಬ ದಾರಿಯ 993ನೇ ಪೋರ್ಟ್ (ಸರ್ವರಿನ ಸಂಖ್ಯೆ ಹಾಕಿದ ಬಾಗಿಲು) ಇನ್ನೂ ತೆರೆದೇ ಇತ್ತು. ರಾತ್ರಿಯಿಡೀ ಕೂತು ಹನ್ನೊಂದು ಜಿಬಿಯಷ್ಟನ್ನು ಇಳಿಸಿಕೊಂಡೆ. ಎರಡು ವಾರದಲ್ಲಿ ಆ ಬಾಗಿಲೂ ಮುಚ್ಚಿತು.

ಆಮೇಲೆ ಸಿಟ್ಟಿನಲ್ಲಿ ಮಾಡಿದ ಮೊದಲ ಕೆಲಸವೇ ದುಡ್ಡು ಕಳೆಯಿತು. ಒಂದು ವರ್ಷದ ಬಾಡಿಗೆ ಮುಂಗಡ ಕಟ್ಟಿ ಸರ್ವರ್ ಹಿಡಿದು, ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂ ಹಾಕಿ ಮೇಲ್ ನಾನೇ ನಡೆಸುತ್ತೇನೆ ಎಂದು ಹೊರಟೆ. ಮೇಲ್ ಹೊರಹೋಗುವ 25ನೇ ಪೋರ್ಟ್ ಮುಚ್ಚಿತ್ತು. ಬೇಡಿಕೊಂಡು ತೆಗೆಸಿದರೆ ನನಗೆ ಸಿಕ್ಕ ಐಪಿಯ (ಸರ್ವರಿನ ಅಂಕಿ ವಿಳಾಸ) ನೆರೆಹೊರೆಯೆಲ್ಲ ಸ್ಪ್ಯಾಮ್ ಕಪ್ಪುಪಟ್ಟಿಯಲ್ಲಿ. ಮೇಲ್ ನಿಜಕ್ಕೂ ನನ್ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್, ರಿವರ್ಸ್ ಡಿಎನ್‌ಎಸ್ ಗುರುತುಗಳೆಲ್ಲ ಸರಿಯಿದ್ದೂ ನನ್ನ ಮೇಲ್ ಸ್ಪ್ಯಾಮ್‌ಗೇ ಬೀಳುತ್ತಿತ್ತು. ನಾಲ್ಕು ತಿಂಗಳು ಗುದ್ದಾಡಿ ಬಿಟ್ಟೆ. ಮಿಕ್ಕ ಎಂಟು ತಿಂಗಳ ಬಾಡಿಗೆ ವಾಪಸ್ ಬರಲಿಲ್ಲ.

ಅಲ್ಲಿಂದ ಯೋಚನೆ ಬದಲಾಯಿತು. ಮೇಲ್ ಸಾಗಿಸುವ ಕೆಲಸ ಬಾಡಿಗೆಯವರದ್ದೇ ಇರಲಿ, ಆದರೆ ವಿಳಾಸ ನನ್ನದು, ಪ್ರತಿ ನನ್ನದು. ಡೊಮೇನ್ (ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಒಂದು ಕಡೆ, ಡಿಎನ್‌ಎಸ್ (ಆ ಹೆಸರಿಗೆ ಬಂದದ್ದು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಪಟ್ಟಿ) ಇನ್ನೊಂದು ಕಡೆ, ಮೇಲ್ ಮತ್ತೊಂದು ಕಡೆ, ಮೂವರೂ ಬೇರೆ ಬೇರೆ ಕಂಪನಿ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಕೊಳ್ಳಬಹುದು, ಅಷ್ಟಕ್ಕೂ ಕಟ್ಟಿಬಿಟ್ಟೆ. ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಕಂಪನಿಯ ಖಾತೆಗೆ ಅದೇ ಡೊಮೇನಿನ ವಿಳಾಸ ಕೊಡಲಿಲ್ಲ. ಯಾವುದು ಕೊಟ್ಟೆ, ಅದರ ಬೀಗ ಎಲ್ಲಿದೆ ಎಂಬುದು ನನ್ನಲ್ಲೇ ಇರಲಿ.

ಪ್ರತಿ ತೆಗೆಯುವುದಕ್ಕೆ ಎಂಬಿಸಿಂಕ್, ಸರ್ವರಿನ ಮೇಲ್ ಮತ್ತು ಮನೆಯ ಪ್ರತಿಯನ್ನು ಹೊಂದಿಸುವ ಪ್ರೋಗ್ರಾಂ. ಇಲ್ಲಿ ದೊಡ್ಡ ಪೆಟ್ಟು ತಿಂದೆ. ಯಾರದೋ ಕಾನ್ಫಿಗ್ ನಕಲು ಮಾಡಿದ್ದೆ, ಅದು ಎರಡೂ ಕಡೆ ಅಳಿಸುವಂಥದ್ದು. ಪರೀಕ್ಷೆಗೆಂದು ಮನೆಯ ಯಂತ್ರದಲ್ಲಿ ಒಂದು ಫೋಲ್ಡರಿನ ಮೇಲ್‌ಗಳನ್ನು ಅಳಿಸಿದೆ. ಮುಂದಿನ ಸಿಂಕ್‌ನಲ್ಲಿ ಸರ್ವರ್‌ನಲ್ಲೂ ಮಾಯ. ಮೂರು ಸಾವಿರದ ಹತ್ತಿರ ಹತ್ತಿರ. ಪುಣ್ಯಕ್ಕೆ ಹಳೇ ಲ್ಯಾಪ್‌ಟಾಪಿನಲ್ಲಿ ಆ ರಾತ್ರಿ ಇಳಿಸಿಕೊಂಡಿದ್ದ ಪ್ರತಿ ಇತ್ತು. ಈಗಿನ ನಿಯಮ ಒಂದೇ: ಹೊಸದನ್ನು ಎಳೆ, ಓದಿದ ಗುರುತನ್ನು ಎಳೆ, ಅಳಿಸಿದ್ದನ್ನು ಎಳೆಯಬೇಡ. ನಾಳೆ ಯಾರೋ ನುಗ್ಗಿ ನನ್ನ ಇನ್‌ಬಾಕ್ಸ್ ಖಾಲಿ ಮಾಡಿದರೂ ಇಲ್ಲಿ ಏನೂ ಕದಲುವುದಿಲ್ಲ. ದಿನಕ್ಕೆ ನಾಲ್ಕು ಸಲ ಓಡುತ್ತದೆ.

ಎರಡನೇ ಪೆಟ್ಟು ಚಿಕ್ಕದು, ಆದರೆ ಒಂದು ಭಾನುವಾರವನ್ನೇ ನುಂಗಿತು. ಒಂದೊಂದು ಮೇಲ್ ಅನ್ನು ಒಂದೊಂದು ಫೈಲ್ ಆಗಿ ಇಡುವ ಮೇಲ್‌ಡಿರ್ ಪದ್ಧತಿಯ ಫೈಲ್‌ಗಳ ಹೆಸರಿನಲ್ಲಿ ಕೋಲನ್ (:) ಇರುತ್ತದೆ, ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಅದನ್ನು ಒಪ್ಪುವುದಿಲ್ಲ. ಅರ್ಧದಷ್ಟು ನಕಲಾಗಿ ನಿಂತಿತ್ತು, ನಾನು ಪೂರ್ತಿಯಾಗಿದೆ ಎಂದುಕೊಂಡಿದ್ದೆ. ಡಿಸ್ಕ್ ಬದಲಿಸಿ, ಮೇಲೆ ರೆಸ್ಟಿಕ್ ಎಂಬ ಬ್ಯಾಕಪ್ ಪ್ರೋಗ್ರಾಂ ಹಾಕಿದೆ. ಅದು ಗೂಢಲಿಪಿ ಮಾಡಿ ಒಂದು ಪ್ರತಿಯನ್ನು ಡಿಸ್ಕಿಗೆ, ಒಂದನ್ನು ಬಾಡಿಗೆ ಸ್ಟೋರೇಜಿಗೆ ಹಾಕುತ್ತದೆ. ಮೊದಲ ಸಲ ಮರಳಿ ತೆಗೆಯುವ ತಾಲೀಮು ಮಾಡಿದಾಗ ಗೊತ್ತಾಯಿತು: ರೆಸ್ಟಿಕ್ ಪಾಸ್‌ವರ್ಡ್ ಇದ್ದದ್ದು ಪಾಸ್‌ವರ್ಡ್ ಮ್ಯಾನೇಜರಿನಲ್ಲಿ, ಆ ಮ್ಯಾನೇಜರಿನ ಕೋಡ್ ಬರುವುದು ಮೇಲ್‌ಗೆ. ಮತ್ತೆ ಅದೇ ಪೆಟ್ಟಿಗೆ, ಅದೇ ಬೀಗದ ಕೈ. ಅವತ್ತೇ ಕಾಗದದ ಮೇಲೆ ಬರೆದೆ, ಎರಡು ಕಡೆ ಇಟ್ಟೆ.

ನಡುವೆ ಒಂದಷ್ಟು ಅಡ್ಡದಾರಿಗಳು. ಅಕ್ಕನ ಜಿಮೇಲ್‌ಗೂ ಇದನ್ನೇ ಹಾಕಿದೆ. ಅಲ್ಲಿ ಲೇಬಲ್‌ಗಳು ಐಮ್ಯಾಪ್‌ನಲ್ಲಿ ಫೋಲ್ಡರ್ ಆಗಿ ಕಾಣುವುದರಿಂದ ಒಂದೇ ಮೇಲ್ ಮೂರು ಮೂರು ಸಲ ಇಳಿಯಿತು. "ಆಲ್ ಮೇಲ್" ಎಂಬ ಫೋಲ್ಡರ್ ಒಂದನ್ನೇ ಎಳೆದರೆ ಸಾಕು. ಅವಳು ಕನ್ನಡದಲ್ಲಿ ಹೆಸರಿಟ್ಟಿದ್ದ ಲೇಬಲ್‌ಗಳು ಮೊದಲು ಆಂಪರ್‌ಸ್ಯಾಂಡ್‌ನಿಂದ (&) ಶುರುವಾಗುವ ಕಲಸುಮೇಲೋಗರವಾಗಿ ಬಂದವು. ಕೆಟ್ಟುಹೋಯಿತು ಎಂದು ಗಾಬರಿಯಾದೆ, ಕೆಟ್ಟಿರಲಿಲ್ಲ. ಐಮ್ಯಾಪ್ ಫೋಲ್ಡರ್ ಹೆಸರಿಗೆ ಬಳಸುವುದು ಯುಟಿಎಫ್-7 ಎಂಬ ಅಕ್ಷರ ಸಂಕೇತದ ಒಂದು ಮಾರ್ಪಾಡು, ಅಷ್ಟೇ. ಹುಡುಕಲು ನಾಟ್‌ಮಚ್ ಎಂಬ ಪ್ರೋಗ್ರಾಂ ಹಾಕಿಕೊಂಡಿದ್ದೇನೆ. ಒಂದೂವರೆ ಲಕ್ಷ ಮೇಲ್‌ನಲ್ಲಿ ಬೇಕಾದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಕನ್ನಡ ಪದಕ್ಕೆ ಮಾತ್ರ ಕೊನೆಯಲ್ಲಿ ನಕ್ಷತ್ರ (*) ಹಾಕಬೇಕು, ಇಲ್ಲವಾದರೆ "ರಸೀದಿ" ಎಂದು ಹುಡುಕಿದರೆ "ರಸೀದಿಯನ್ನು" ಸಿಗುವುದಿಲ್ಲ.

ವಿಳಾಸ ಬದಲಿಸುವುದೇ ಎಲ್ಲಕ್ಕಿಂತ ಬೇಸರದ ಕೆಲಸ. ಹಳೇ ಮೇಲ್‌ಗಳಲ್ಲಿ ಸ್ವಾಗತದ ಸಾಲು ಹುಡುಕಿ ಇನ್ನೂರಕ್ಕೂ ಮಿಕ್ಕಿ ತಾಣಗಳ ಪಟ್ಟಿ ಮಾಡಿದೆ. ದಿನಕ್ಕೆ ಮೂರೋ ನಾಲ್ಕೋ, ಮೂರು ತಿಂಗಳು ಹಿಡಿಯಿತು.

ಇನ್ನು ಕಳೆದ ತಿಂಗಳದ್ದು. ಶನಿವಾರ ಬೆಳಿಗ್ಗೆ ಎಂಬಿಸಿಂಕ್ ಲಾಗ್‌ನಲ್ಲಿ ಲಾಗಿನ್ ವಿಫಲ ಎಂಬ ಸಾಲು. ಮೇಲ್ ಕಂಪನಿಯ ಯಾವುದೋ ಸ್ವಯಂಚಾಲಿತ ತಪಾಸಣೆ ನನ್ನ ಖಾತೆಯನ್ನು ಅಮಾನತು ಮಾಡಿತ್ತು. ನಾನೇ ನನಗೆ ಬೇರೆ ಕಡೆಯಿಂದ ಮೇಲ್ ಕಳಿಸಿ ನೋಡಿದರೆ 550, ಅಂದರೆ ಮೇಲ್ ಒಪ್ಪುವುದಿಲ್ಲ ಎಂಬ ಖಾಯಂ ನಿರಾಕರಣೆಯ ಸಂಕೇತದೊಡನೆ ಆ ಕ್ಷಣವೇ ಮರಳಿ ಬಂತು. ಅಪಾಯ ಇದೇ. ಉತ್ತರವೇ ಸಿಗದಿದ್ದರೆ ಕಳಿಸುವ ಸರ್ವರ್ ಮೇಲ್ ಇಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಮೇಲ್ ಸಾಗಣೆಯ ನಿಯಮಪತ್ರ ಆರ್‌ಎಫ್‌ಸಿ 5321 ಹೇಳುವಂತೆ ಸಾಮಾನ್ಯವಾಗಿ ಕನಿಷ್ಠ 4–5 ದಿನ ಯತ್ನ ಬಿಡಬಾರದು. ಆದರೆ 550 ಸಿಕ್ಕರೆ ಅಲ್ಲಿಗೆ ಮುಗಿಯಿತು, ಕಳಿಸಿದವರಿಗೆ ವಾಪಸ್. ಆದ್ದರಿಂದ ಬೇರೆಲ್ಲ ಬಿಟ್ಟು ಮೊದಲು ಎಂಎಕ್ಸ್ ಅನ್ನು (ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ಸಾಲು), ಯಾವ ಮೇಲ್ ಸರ್ವರೂ ಓಡದ ನನ್ನದೇ ಒಂದು ಯಂತ್ರದ ವಿಳಾಸಕ್ಕೆ ತಿರುಗಿಸಿದೆ. ಬರುವ ಮೇಲ್ ಎಲ್ಲ ಬಾಗಿಲಾಚೆ ಸರದಿಯಲ್ಲಿ ನಿಂತಿತು. ಟಿಟಿಎಲ್ (ಹಳೇ ಡಿಎನ್‌ಎಸ್ ಸಾಲನ್ನು ಉಳಿದವರು ನೆನಪಿಟ್ಟುಕೊಳ್ಳುವ ಅವಧಿ) ಮೊದಲೇ 300 ಸೆಕೆಂಡಿಗೆ ಇಳಿಸಿಟ್ಟಿದ್ದೆ. ಹಿಂದಿನ ವರ್ಷ ಕಂಪನಿ ಬದಲಿಸುವ ತಾಲೀಮು ಮಾಡಿದಾಗ ಅದು 86400 ಸೆಕೆಂಡು ಇದ್ದು, ಇಡೀ ದಿನ ಮೇಲ್ ಹಳೇ ಕಡೆಗೇ ಹೋಗಿತ್ತು.

ಆಮೇಲೆ ನಿಧಾನವಾಗಿ, ಚಹಾ ಕುಡಿದುಕೊಂಡೇ, ಬದಲಿ ಕಂಪನಿಯ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್ ಹಾಕಿದೆ. ಅಲ್ಲಿ ಡೊಮೇನ್ ದೃಢೀಕರಣ ತಿಂಗಳುಗಳ ಹಿಂದೆಯೇ ಮುಗಿದಿತ್ತು, ಅತಿ ಚಿಕ್ಕ ಪ್ಲಾನ್‌ನಲ್ಲಿ ಖಾತೆ ಸುಮ್ಮನೆ ಕೂತಿತ್ತು. ಕಾಯುತ್ತಿದ್ದ ಮೇಲ್‌ಗಳು ಅರ್ಧ ಗಂಟೆಯಲ್ಲಿ ಒಂದೊಂದಾಗಿ ಬಂದು ಬಿದ್ದವು. ಅಮಾನತಾದ ಕಂಪನಿಯಿಂದ ಉತ್ತರ ಬಂದದ್ದು ಮಂಗಳವಾರ, ತಪ್ಪಾಯಿತು ಎಂದು. ನಾನು ವಾಪಸ್ ಹೋಗಲಿಲ್ಲ.

ಡೊಮೇನ್, ಎರಡು ಮೇಲ್ ಖಾತೆ, ಸ್ಟೋರೇಜ್ ಸೇರಿ ವರ್ಷದ ಖರ್ಚು, ಹಿಂದೆ ಆ ದೊಡ್ಡ ಡ್ರೈವ್ ಚಂದಾಕ್ಕೆ ಕಟ್ಟುತ್ತಿದ್ದುದರ ಮುಕ್ಕಾಲು ಭಾಗವೂ ಆಗುವುದಿಲ್ಲ. ಏಳೆಂಟು ತಾಣಗಳು ಮಾತ್ರ ಇನ್ನೂ ಹಳೇ ವಿಳಾಸವನ್ನೇ ಹಿಡಿದುಕೊಂಡಿವೆ. ಬದಲಿಸಬೇಕೆಂದರೆ ಆ ಮುಚ್ಚಿದ ಖಾತೆಗೇ ಕೋಡ್ ಕಳಿಸುತ್ತವೆ. ಅದರಲ್ಲಿ ಒಂದು, ಫೋಟೊ ಇಟ್ಟಿದ್ದ ಡ್ರೈವ್. ಅವರಿಗೆ ಮೂರನೇ ಸಲ ಬರೆದಿದ್ದೇನೆ.