ಬೆಳಗ್ಗೆ ತಿಂಡಿ ಇಳಿಯದವರಿಗೆ ಅಂಬಲಿ: ಪಿಜಿ ಮೆಸ್ಸಿನ ಲೆಕ್ಕ

ಬೆಂಗಳೂರಲ್ಲಿ ಪಿಜಿ ಮೆಸ್ ನಡೆಸುವವರಿಗೆಲ್ಲ ಗೊತ್ತಿರುವ ವಿಷಯ: ಎಂಬತ್ತು ಜನ ಇರುವ ಕಡೆ ತಿಂಡಿಗೆ ಐವತ್ತು ಜನ ಬಂದರೆ ಹೆಚ್ಚು. ಉಳಿದವರು ಕಾಫಿ ಕುಡಿದು ಹೊರಡುತ್ತಾರೆ, ಹನ್ನೊಂದು ಗಂಟೆಗೆ ಆಫೀಸಿನ ಕೆಳಗೆ ಪಫ್ಸ್ ತಿನ್ನುತ್ತಾರೆ. ಎಲ್ಲರೂ ಸೋಮಾರಿಗಳಲ್ಲ. ವಿಚಾರಿಸಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಇವೇ: ಒಗ್ಗರಣೆ ವಾಸನೆಗೆ ಹೊಟ್ಟೆ ತೊಳೆಸುತ್ತೆ, ಒಣ ತಿಂಡಿ ಗಂಟಲಲ್ಲಿ ಇಳಿಯಲ್ಲ, ಹೊಟ್ಟೆ ತುಂಬಿಸಿಕೊಂಡು ಬಸ್ಸು ಹತ್ತಿದರೆ ಹಿಂಸೆ. ರಾತ್ರಿ ಹತ್ತೂವರೆಗೆ ಉಂಡು ಮಲಗಿದವರಿಗೆ ಏಳು ಗಂಟೆಗೆ ಹಸಿವು ಎಲ್ಲಿಂದ ಬರಬೇಕು?

ಇಂಥವರ ತಿಂಡಿಯನ್ನು ಎರಡು ಕಂತು ಮಾಡಬೇಕು. ಮೊದಲನೆಯದು ಕುಡಿಯುವಂಥದ್ದು, ತಣ್ಣಗೆ, ವಾಸನೆ ಇಲ್ಲದ್ದು, ನಿಂತಲ್ಲೇ ಮುಗಿಯುವಂಥದ್ದು. ಎರಡನೆಯದು ಹತ್ತು ಗಂಟೆಗೆ ಅಗಿಯುವಂಥದ್ದು, ಕೈಗೇ ಕೊಟ್ಟು ಕಳಿಸುವಂಥದ್ದು. ಮೊದಲ ಕಂತಿಗೆ ರಾಗಿ ಅಂಬಲಿ ಅಂದಾಗ ನಮ್ಮ ಲೈನಿನವರೇ ನಕ್ಕರು. "ಊರಲ್ಲಿ ಕುಡಿದು ಬೇಜಾರಾಗಿ ಬಂದ ಮಕ್ಕಳಿಗೆ ಇಲ್ಲೂ ಅಂಬಲಿ ಹಾಕ್ತೀಯೇನಪ್ಪಾ, ರೂಮು ಖಾಲಿಯಾಗ್ತವೆ" ಅಂದವರೇ ಈಗ ಅಳತೆ ಕೇಳುತ್ತಾರೆ. ಎಂಟೂವರೆಗೆಲ್ಲ ಪಾತ್ರೆ ಖಾಲಿ. ಅದಕ್ಕೇ ಬರೆದಿಡುತ್ತಿದ್ದೇನೆ.

ಅಂಬಲಿಗೆ ಮೊದಲು ಮಾಡಿದ್ದರಲ್ಲಿ ನಿಂತದ್ದು ಕಡಿಮೆ. ಹಾಲು-ಬೆಲ್ಲದ ರಾಗಿ ಮಾಲ್ಟ್ ಮೊದಲ ವಾರ ಚೆನ್ನಾಗಿ ಹೋಯಿತು, ಆಮೇಲೆ ಲೋಟದಲ್ಲಿ ಅರ್ಧ ಉಳಿಯತೊಡಗಿತು. ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಾರೆ, ಮಕ್ಕಳು ಕುಡಿಯುತ್ತಾರೆ. ಆದರೆ ದೊಡ್ಡವರಿಗೆ ಖಾಲಿ ಹೊಟ್ಟೆಗೆ ಬಿಸಿ ಸಿಹಿ ಬಿದ್ದರೆ ಹೊಟ್ಟೆ ತೊಳೆಸುವುದು ಜಾಸ್ತಿಯೇ. ಓಟ್ಸ್ ಗಂಜಿ ಹತ್ತು ನಿಮಿಷಕ್ಕೆ ಲೋಳೆಯಾಗುತ್ತೆ. 2023ರ ಸಿರಿಧಾನ್ಯ ವರ್ಷದಲ್ಲಿ ಅಂಗಡಿ ತುಂಬಾ ಬಂದ ಪ್ಯಾಕೆಟ್ ಮಿಕ್ಸ್‌ಗಳು ಕೆಜಿಗೆ ಮುನ್ನೂರು ರೂಪಾಯಿ ಮೇಲೆ, ಹಿಂಬದಿ ಓದಿದರೆ ಸಕ್ಕರೆಯೇ ಮೊದಲ ಸಾಲಲ್ಲಿ. ಅವಲಕ್ಕಿ ಒಗ್ಗರಣೆ ಬೇಡದವರಿಗೆ ಅದೇ ಅವಲಕ್ಕಿಯನ್ನು ಮೊಸರಲ್ಲಿ ನೆನೆಸಿ ಕೊಟ್ಟರೆ ತಿನ್ನುತ್ತಾರೆ, ಆದರೆ ತಟ್ಟೆ, ಚಮಚ, ಕೂತುಕೊಳ್ಳೋದು ಎಲ್ಲ ಬೇಕು.

ಮಾಮೂಲಿ ಅಂಬಲಿಯಲ್ಲೂ ಒಂದು ತೊಡಕಿದೆ. ಕುಡಿಯುವಷ್ಟು ತೆಳ್ಳಗೆ ಮಾಡಿದರೆ ಲೋಟಕ್ಕೆ 15-20 ಗ್ರಾಂ ಹಿಟ್ಟೂ ಬೀಳಲ್ಲ, ಒಂಬತ್ತಕ್ಕೇ ಹಸಿವು. ಹಿಟ್ಟು ಹೆಚ್ಚಿಸಿದರೆ ಆರುತ್ತಿದ್ದಂತೆ ಗಟ್ಟಿಯಾಗಿ ಕೂರುತ್ತೆ. ಇದಕ್ಕೆ ದಾರಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಮುರಿದು ತೆಳ್ಳಗೆ ಮಾಡುತ್ತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶಿಶು ಆಹಾರಕ್ಕಾಗಿ ದಶಕಗಳ ಹಿಂದೆಯೇ ಇದರ ಮೇಲೆ ಕೆಲಸ ಮಾಡಿದೆ. ನಮ್ಮ ಮನೆಗಳಲ್ಲಿ ಕೂಸಿಗೆ ರಾಗಿ ಸರಿ ಮಾಡುವಾಗ ಮೊಳಕೆ ಕಟ್ಟುವುದರಿಂದ ಸಿಗುವುದೂ ಇದೇ ಲಾಭ. ಇದರಿಂದ 250 ಎಂಎಲ್ ಲೋಟಕ್ಕೆ 40 ಗ್ರಾಂ ಹಿಟ್ಟು ತುಂಬಿಸಿದರೂ ಮಜ್ಜಿಗೆಗಿಂತ ಸ್ವಲ್ಪ ಮಂದ, ಅಷ್ಟೇ.

ಮೊಳಕೆ ಹಿಟ್ಟಿಗೆ ಜಿಪಿಯು-28, ಎಂಎಲ್-365 ಹೀಗೆ ಯಾವ ತಳಿಯ ರಾಗಿಯಾದರೂ ನಡೆಯುತ್ತೆ, ಆದರೆ ವರ್ಷ ದಾಟಿದ ಕಾಳು ಸರಿಯಾಗಿ ಮೊಳೆಯಲ್ಲ. ಬಿತ್ತನೆಗೆಂದು ಬಣ್ಣದ ಔಷಧಿ ಸವರಿದ ರಾಗಿಯನ್ನು ಮುಟ್ಟಲೇಬೇಡಿ. ಕಲ್ಲು ಹೋಗುವಂತೆ ಗಾಳಿಸಿ, ಮೂರು-ನಾಲ್ಕು ನೀರಲ್ಲಿ ತೊಳೆದು, ಎಂಟು-ಹತ್ತು ಗಂಟೆ ನೆನೆಸಿ. ನಡುವೆ ಒಮ್ಮೆ ನೀರು ಬದಲಿಸಿ. ಬಸಿದು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಐದಾರು ಗಂಟೆಗೊಮ್ಮೆ ನೀರು ಚಿಮುಕಿಸಿದರೆ ಒಂದೂವರೆಯಿಂದ ಎರಡು ದಿನಕ್ಕೆ ಹದ ಬರುತ್ತೆ. ಒಂದೇ ಗಂಟಿನಲ್ಲಿ ಮೂರು ಕೆಜಿ ಮೀರಿದರೆ ನಡುವಿನ ಕಾಳು ಬೆವೆತು ಮುಗ್ಗಲು ವಾಸನೆ ಬರುತ್ತೆ. ಹಸಿರೋ ಗುಲಾಬಿಯೋ ಬಣ್ಣ ಕಂಡರೆ ಆ ಭಾಗ ಆರಿಸಿ ತೆಗೆಯುವ ಜಿಪುಣತನ ಬೇಡ, ಇಡೀ ಗಂಟನ್ನೇ ಬಿಸಾಕಿ.

ಒಣಗಿಸುವಾಗ ಬೆರಳು ದಪ್ಪಕ್ಕಿಂತ ಹೆಚ್ಚು ಹರಡಬಾರದು. ಕಡಿದರೆ ಕಟ್ ಅನ್ನಬೇಕು. ಗೋಣಿಚೀಲದ ಮೇಲೆ ಉಜ್ಜಿ ಬೇರು ಉದುರಿಸಿ ಜರಡಿ ಹಿಡಿಯಿರಿ, ಕಹಿ ಇರುವುದು ಆ ಬೇರಲ್ಲೇ. ಇಲ್ಲಿಂದ ಮುಂದೆ ಎಲ್ಲರೂ ಘಮ್ ಅನ್ನುವಷ್ಟು ಹುರಿಯುತ್ತಾರೆ. ರುಚಿಗೆ ಅದು ಸರಿ, ನಮ್ಮ ಕೆಲಸಕ್ಕೆ ಅಲ್ಲ: ಜೋರಾಗಿ ಹುರಿದರೆ ತೆಳ್ಳಗಾಗಿಸುವ ಶಕ್ತಿಯೇ ಸತ್ತುಹೋಗುತ್ತೆ. ಅಂಗಡಿಯ ಮೊಳಕೆ ರಾಗಿ ಹಿಟ್ಟು ಹಾಕಿ "ಏನೂ ಆಗಲಿಲ್ಲ" ಅನ್ನುವವರ ಕಥೆ ಬಹುತೇಕ ಇದೇ. ಹುರಿಯದೆ ಬೀಸಿಸಿ. ಗಿರಣಿಯಲ್ಲಿ ನಿಮ್ಮ ಮುಂದಿನವರು ಖಾರದ ಪುಡಿ ಹಾಕಿಸಿದ್ದಾರಾ ನೋಡಿಕೊಳ್ಳಿ. ಕೆಜಿ ರಾಗಿಗೆ ಸುಮಾರು 800 ಗ್ರಾಂ ಹಿಟ್ಟು ಸಿಗುತ್ತೆ.

ಈಗ ನಲವತ್ತು ಲೋಟದ ಅಳತೆ. ಒಟ್ಟು ಹಿಟ್ಟು 1.6 ಕೆಜಿ: ಮಾಮೂಲಿ ರಾಗಿ ಹಿಟ್ಟು ಒಂದು ಕೆಜಿ, ರಾತ್ರಿ ಹುಳಿಗೆ ಇಡಲು ಅದೇ ಹಿಟ್ಟು 450 ಗ್ರಾಂ, ಮೊಳಕೆ ಹಿಟ್ಟು 150 ಗ್ರಾಂ.

ಹುಳಿಯ ಭಾಗವನ್ನು ರಾತ್ರಿ ಒಂದೂವರೆ ಲೀಟರ್ ನೀರಲ್ಲಿ ಕಲಸಿ, ಹಿಂದಿನ ದಿನ ಎತ್ತಿಟ್ಟ ಹುಳಿ ಹಿಟ್ಟನ್ನು ಅರ್ಧ ಲೋಟ ಸೇರಿಸಿ, ಮಣ್ಣಿನ ಗಡಿಗೆಯಲ್ಲೋ ಸ್ಟೀಲಿನಲ್ಲೋ ಮುಚ್ಚಿಡಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಅದು ಕರಗಿ ಹಿಟ್ಟಿಗೆ ಬಿಡುತ್ತೆ. ಉಪ್ಪು ಈಗ ಹಾಕಿದರೆ ಹುಳಿ ಬರುವುದು ನಿಧಾನ. ಏಪ್ರಿಲ್‌ನಲ್ಲಿ ಏಳೆಂಟು ಗಂಟೆ ಸಾಕು, ಡಿಸೆಂಬರ್ ಚಳಿಗೆ ಹನ್ನೆರಡು ದಾಟುತ್ತೆ. ಹುಳಿ ಮಜ್ಜಿಗೆಯ ವಾಸನೆ ಬಂದರೆ ಸರಿ. ನೂಲು ನೂಲಾಗಿ ಎಳೆ ಬಂದರೆ ಅಥವಾ ಬೇರೆ ವಾಸನೆ ಬಂದರೆ ಚೆಲ್ಲಿ. ಮೊದಲ ಹೆಪ್ಪಿಗೆ ಗಡಿಗೆಯಲ್ಲಿ ಏನು ಹಾಕುತ್ತೇವೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಹುಳಿ ಮಜ್ಜಿಗೆಯಲ್ಲೂ ಆಗುತ್ತೆ, ರುಚಿ ಸ್ವಲ್ಪ ಬೇರೆ.

ಹಳ್ಳಿಯಂತೆ ರಾತ್ರಿಯೇ ಗಂಜಿ ಬೇಯಿಸಿ ಹೊರಗಿಡುವುದು ನಾಲ್ಕು ಜನರ ಮನೆಗೆ ಸರಿಹೋದೀತು. ಹತ್ತು ಲೀಟರ್ ಗಂಜಿ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತೆ, ಬೇಡದ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಾಕು. ಮೆಸ್ಸಿನಲ್ಲಿ ಹಸಿ ಹಿಟ್ಟನ್ನೇ ಹುಳಿಗಿಟ್ಟು ಬೆಳಗ್ಗೆ ಕುದಿಸುವುದು ಕ್ಷೇಮ.

ಬೆಳಗ್ಗೆ ಐದಕ್ಕೆ ತಳ ದಪ್ಪದ ಡಬರಿಯಲ್ಲಿ ಮೂರು ಲೀಟರ್ ನೀರು ಕುದಿಸಿ. ಒಂದು ಕೆಜಿ ಹಿಟ್ಟನ್ನು ಎರಡು ಲೀಟರ್ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ ಕುದಿನೀರಿಗೆ ಸುರಿಯಿರಿ. ಒಣ ಹಿಟ್ಟನ್ನು ನೇರವಾಗಿ ಹಾಕಿದರೆ ಕಟ್ಟುವ ಗಂಟು ಮತ್ತೆ ಒಡೆಯಲ್ಲ. ಹತ್ತು-ಹನ್ನೆರಡು ನಿಮಿಷ ತಿರುವುತ್ತಾ ಬೇಯಿಸಿದರೆ ಸೌಟು ನಿಲ್ಲುವಷ್ಟು ಗಟ್ಟಿಯಾಗುತ್ತೆ. ಹೆದರಬೇಡಿ. ಒಲೆ ಆರಿಸಿ 65 ಡಿಗ್ರಿಗೆ ಇಳಿಯುವ ತನಕ ಕಾಯಿರಿ. ಇನ್ನೂರು-ಮುನ್ನೂರು ರೂಪಾಯಿಯ ಕಡ್ಡಿ ಥರ್ಮಾಮೀಟರ್ ತಗೊಳ್ಳಿ, ಈ ಇಡೀ ಕೆಲಸದಲ್ಲಿ ದುಡ್ಡು ಹಾಕಬೇಕಾದ ಜಾಗ ಅದೊಂದೇ. ಮೊಳಕೆ ಹಿಟ್ಟನ್ನು ಕಾಲು ಲೀಟರ್ ತಣ್ಣೀರಲ್ಲಿ ಕದಡಿ ಸೇರಿಸಿ ತಿರುವುತ್ತಿರಿ. ಹತ್ತು-ಹದಿನೈದು ನಿಮಿಷದಲ್ಲಿ ಕಣ್ಣೆದುರೇ ನೀರಾಗುತ್ತೆ. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತು ಗಂಜಿ ಹಾಗೇ ಉಳಿಯುತ್ತೆ. 50ಕ್ಕಿಂತ ಕೆಳಗೆ ಇಳಿದಿದ್ದರೆ ಕೆಲಸ ನಿಧಾನ.

ರಾತ್ರಿಯ ಹುಳಿಯನ್ನು ಇದಾದ ಮೇಲೇ ಸುರಿಯಬೇಕು. ಎಲ್ಲಾ ಹಿಟ್ಟನ್ನೂ ಹುಳಿಗೆ ಇಟ್ಟರೆ ಮೊಳಕೆ ಹಿಟ್ಟು ಅರ್ಧಂಬರ್ಧ ಕೆಲಸ ಮಾಡುತ್ತೆ, ಅತಿ ಹುಳಿ ಅದಕ್ಕೆ ಆಗಲ್ಲ. ಹಿಟ್ಟನ್ನು ಎರಡು ಪಾಲು ಮಾಡಿರುವುದು ಈ ಕಾರಣಕ್ಕೆ. ಹುಳಿ ಸೇರಿಸಿ ಮತ್ತೆ ಉರಿ ಹಚ್ಚಿ, ಪೂರ್ತಿ ಐದಾರು ನಿಮಿಷ ಕುದಿಸಿ. ಹಸಿ ಮೊಳಕೆ ಹಿಟ್ಟೂ ಹುಳಿಯೂ ಬೇಯುವುದು ಇಲ್ಲೇ, ಈ ಕುದಿ ತಪ್ಪಿಸಬಾರದು. ಆಮೇಲೆ ಡಬರಿಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ತಿರುವಿ ಆರಿಸಿ. ಮುಟ್ಟಿದರೆ ಬಿಸಿ ತಾಗದಷ್ಟು ಆದಮೇಲೆ ಒಂದು ಲೀಟರ್ ಮೊಸರಿಗೆ ಒಂದೂವರೆ ಲೀಟರ್ ನೀರು ಹಾಕಿದ ಮಜ್ಜಿಗೆ, 50 ಗ್ರಾಂ ಆಸುಪಾಸು ಉಪ್ಪು ಸೇರಿಸಿ. ಬಿಸಿಗೆ ಮಜ್ಜಿಗೆ ಸುರಿದರೆ ಒಡೆದು ಪುಡಿ ಪುಡಿಯಾಗಿ ತೇಲುತ್ತೆ.

ಈರುಳ್ಳಿ ಬೆರೆಸಿಡಬೇಡಿ, ಅರ್ಧ ಗಂಟೆಗೆ ಅದರ ವಾಸನೆಯೇ ಮೇಲಾಗಿ ಬೇಕಾದ ಗಿರಾಕಿಯೇ ಓಡಿಹೋಗುತ್ತಾನೆ. ಪಕ್ಕದಲ್ಲಿ ಬಟ್ಟಲಲ್ಲಿಟ್ಟರೆ ಬೇಕಾದವರು ಹಾಕಿಕೊಳ್ಳುತ್ತಾರೆ. ಪಾತ್ರೆಗೆ ಜಜ್ಜಿದ ಶುಂಠಿ, ಹುರಿದ ಜೀರಿಗೆ ಪುಡಿ, ಕೊತ್ತಂಬರಿ ಸೊಪ್ಪು ಸಾಕು. ಅಂಬಲಿಯನ್ನು ಒಗ್ಗರಣೆ ನಡೆಯುವ ಅಡುಗೆಮನೆಯಿಂದ ದೂರ, ಬಾಗಿಲ ಬಳಿ ಇಟ್ಟದ್ದರಿಂದಲೇ ಐದಾರು ಲೋಟ ಹೆಚ್ಚು ಹೋಯಿತು ಅಂದರೆ ನಂಬಲ್ಲ ನೀವು.

ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ, 100 ಗ್ರಾಂಗೆ 350 ಮಿಲಿಗ್ರಾಂ ಮೇಲೆ. ಪ್ರೋಟೀನ್ ಮಾತ್ರ 7 ಗ್ರಾಂ ಅಷ್ಟೇ, ಅಂದರೆ ಒಂದು ಲೋಟ ಅಂಬಲಿಯಲ್ಲಿ ಮಜ್ಜಿಗೆ ಸೇರಿ ನಾಲ್ಕು ಗ್ರಾಂ ದಾಟಲ್ಲ. ಹಾಗಾಗಿ ಎರಡನೇ ಕಂತು ಬಿಟ್ಟರೆ ಹನ್ನೊಂದಕ್ಕೆ ಮತ್ತೆ ಪಫ್ಸೇ. ಕಡಲೆಕಾಯಿ ಬೀಜ ತಲಾ 25 ಗ್ರಾಂ, ರಾತ್ರಿಯೇ ಉಪ್ಪು ಹಾಕಿ ಹುರಿದು ಪೊಟ್ಟಣ ಕಟ್ಟಿಟ್ಟರೆ ಬೆಳಗ್ಗೆ ಕೆಲಸವಿಲ್ಲ. ಅದರಲ್ಲೇ ಆರು ಗ್ರಾಂ ಪ್ರೋಟೀನ್. ಹೆಸರುಕಾಳು ಕೋಸಂಬರಿ ಹತ್ತು ಗಂಟೆಗೆ ನೀರು ಬಿಟ್ಟು ಡಬ್ಬಿಯಿಂದ ಬ್ಯಾಗಿಗೆ ಸೋರುತ್ತೆ. ಬೇಯಿಸಿದ ಮೊಟ್ಟೆ ಬೇಕು ಅಂದವರಿಗೆ ಬೇರೆ ದರ. ಬಾಳೆಹಣ್ಣು ಎಲ್ಲರಿಗೂ ಇಷ್ಟ, ಆದರೆ ಏಲಕ್ಕಿ ಬಾಳೆಯ ದರ ನೋಡಿ ಕೈಬಿಟ್ಟೆ.

ಖರ್ಚು ನೆನಪಿನಿಂದ ಹೇಳುತ್ತಿದ್ದೇನೆ. ನಲವತ್ತು ಲೋಟಕ್ಕೆ ರಾಗಿ ಎಲ್ಲಾ ಸೇರಿ 85, ಮೊಸರು 50ರ ಮೇಲೆ, ಸೊಪ್ಪು-ಶುಂಠಿ 30, ಗ್ಯಾಸ್ 25: ಲೋಟಕ್ಕೆ ಐದು ರೂಪಾಯಿ ಹತ್ತಿರ. ಕಡಲೆಕಾಯಿ ತಲಾ ಮೂರೂವರೆ. ಮೊದಲು ಎಪ್ಪತ್ತು ತಟ್ಟೆಗೆ ಇಡ್ಲಿ ಹಾಕಿ ಇಪ್ಪತ್ತು ತಟ್ಟೆ ಮಿಕ್ಕುತ್ತಿತ್ತು, ತಟ್ಟೆಗೆ ಹದಿನೆಂಟು ರೂಪಾಯಿಯಂತೆ ದಿನಕ್ಕೆ 360 ದಂಡ. ಈಗ ನಲವತ್ತೈದು ತಟ್ಟೆ ಇಡ್ಲಿ, ಅಂಬಲಿಗೂ ಕಡಲೆಗೂ ಸೇರಿ 340. ಕಳೆದು ನೋಡಿದರೆ ದಿನಕ್ಕೆ ನೂರರ ಆಚೀಚೆ ಉಳಿತಾಯ, ಐದು ಗಂಟೆಗೆ ಏಳುವವನ ಕೂಲಿ ಲೆಕ್ಕ ಹಾಕಿದರೆ ಅದೂ ಇಲ್ಲ. ಲಾಭ ಬೇರೆ ಕಡೆ: "ತಿಂಡಿ ತಿನ್ನೋದೇ ಇಲ್ಲ, ಬಾಡಿಗೆ ಕಮ್ಮಿ ಮಾಡಿ" ಅನ್ನುವ ಮಾತು ನಿಂತಿದೆ.

ಉತ್ತರ ಕರ್ನಾಟಕದ ಹುಡುಗರಿಗಾಗಿ ಜೋಳದ ನುಚ್ಚು-ಮಜ್ಜಿಗೆ ಮಾಡಿ ನೋಡಿದ್ದೇನೆ. ಅದಕ್ಕೆ ಚಮಚ ಬೇಕು, ಆದರೆ ಹನ್ನೆರಡರ ತನಕ ಹಸಿವಾಗಲ್ಲ ಅನ್ನುತ್ತಾರೆ. ರಾಗಿ ಮೊಳಕೆ ಹಿಟ್ಟು ಜೋಳದ ಗಂಜಿಯನ್ನೂ ತೆಳ್ಳಗೆ ಮಾಡುತ್ತೆ. ಕರಾವಳಿಯವರು ಕುಚ್ಚಲಕ್ಕಿ ಗಂಜಿ ಕೇಳಿದರು. ಬೇಯಲು ಮುಕ್ಕಾಲು ಗಂಟೆ, ಗ್ಯಾಸ್ ದುಬಾರಿ. ಭಾನುವಾರ ಮಾತ್ರ ಇಟ್ಟಿದ್ದೇವೆ, ಉಪ್ಪಿನಕಾಯಿ ಜೊತೆ. ಹುರಿಹಿಟ್ಟನ್ನು ಮಜ್ಜಿಗೆಗೆ ಕಲಸಿದರೆ ಒಲೆಯೇ ಬೇಡ, ಐದು ಗಂಟೆಯ ಕ್ಯಾಬ್ ಇರುವವರಿಗೆ ಅದೇ ಸರಿ. ಕಲಸಿ ಐದು ನಿಮಿಷದಲ್ಲಿ ಕುಡಿಯದಿದ್ದರೆ ಊದಿ ಗಟ್ಟಿಯಾಗುತ್ತೆ.

ಸಕ್ಕರೆ ಕಾಯಿಲೆ ಇರುವವರಿಗೆ ಈ ತೆಳ್ಳಗಾಗಿಸಿದ ಅಂಬಲಿ ಕೊಡಬೇಡಿ, ಪಿಷ್ಟ ಮುರಿದಿರುವುದರಿಂದ ಬೇಗ ರಕ್ತಕ್ಕೆ ಸೇರುತ್ತೆ. ಅವರಿಗೆ ನುಚ್ಚು, ಮೊಟ್ಟೆ ವಾಸಿ. ಥೈರಾಯ್ಡ್ ಮಾತ್ರೆ ನುಂಗಿದವರು ಕೂಡಲೇ ಇದನ್ನು ಕುಡಿದರೆ ಮಾತ್ರೆ ಸರಿಯಾಗಿ ಹತ್ತಲ್ಲ. ಎಷ್ಟು ಹೊತ್ತು ಬಿಡಬೇಕು ಅಂತ ಡಾಕ್ಟರನ್ನೇ ಕೇಳಲಿ. ವಾರಗಟ್ಟಲೆ ವಾಂತಿ ಬಂದಂತೆ ಆಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದು ಮೆಸ್ಸಿನವರು ನೋಡುವ ವಿಷಯವಲ್ಲ.

ಮಳೆಗಾಲದಲ್ಲಿ ಮೊಳಕೆ ಒಣಗುವುದೇ ಇಲ್ಲ. ಟ್ರೇ ಡ್ರೈಯರ್ ದರ ಕೇಳಿದರೆ ನಮ್ಮ ಅಳತೆಗೆ ದಂಡ. ದಿನಕ್ಕೆ 150 ಗ್ರಾಂ ಲೆಕ್ಕದಲ್ಲಿ ಮೂರು ತಿಂಗಳಿಗೆ ಹದಿನೇಳು ಕೆಜಿ ರಾಗಿ ಸಾಕು. ಅಷ್ಟನ್ನೂ ಮೇ ಬಿಸಿಲಲ್ಲೇ ಮೊಳಕೆ ಕಟ್ಟಿ ಒಣಗಿಸಿ, ಬೀಸಿಸದೆ ಕಾಳಾಗಿಯೇ ಬಿಗಿ ಡಬ್ಬಿಯಲ್ಲಿಡಿ. ಹದಿನೈದು ದಿನಕ್ಕೆ ಬೇಕಾದಷ್ಟು ಮಾತ್ರ ಗಿರಣಿಗೆ ಕಳಿಸಿ. ಹಿಟ್ಟು ಮಾಡಿಸಿ ಇಟ್ಟರೆ ತಿಂಗಳೊಳಗೆ ಕಮಟು ಹತ್ತುತ್ತೆ.