ನಮ್ಮ ಬೀದಿಯ ಗಾಳಿ ನಾವೇ ಅಳೆದೆವು

ಬೆಂಗಳೂರಿನಲ್ಲಿ ಗಾಳಿ ಅಳೆಯುವ ಸರ್ಕಾರಿ ಕೇಂದ್ರಗಳಿವೆ. ನಮ್ಮ ಬೀದಿ ಹತ್ತಿರ ಮಾತ್ರ ಒಂದೂ ಇಲ್ಲ. ಹಾಗಾಗಿ ಬೀದಿಯವರೇ ಸೇರಿ ಒಂದು ಯಂತ್ರ ಕಟ್ಟಿದೆವು. ವಿನ್ಯಾಸ ನಮ್ಮದಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆಸಕ್ತರು ಸೇರಿ ಶುರು ಮಾಡಿದ್ದು, ಈಗ ಸೆನ್ಸರ್ ಡಾಟ್ ಕಮ್ಯೂನಿಟಿ ಅಂತ ಹೆಸರು. ಎಸ್‌ಡಿಎಸ್ 011 ಅನ್ನೋ ದೂಳಿನ ಸೆನ್ಸರ್, ಒಂದು ವೈಫೈ ಬೋರ್ಡ್, ಹಳೇ ಮೊಬೈಲ್ ಚಾರ್ಜರ್, ಹೊರಗೆ ಎರಡು ಪಿವಿಸಿ ಬೆಂಡ್, ಅಷ್ಟೇ.

ಬೆಂಡ್ ಜೋಡಿಸಿಕೊಟ್ಟ ಪ್ಲಂಬರ್, "ಬಾಯಿ ಕೆಳಗಿರಲಿ ಸಾರ್, ಸೊಳ್ಳೆ ಪರದೆ ಕಟ್ಟಿ, ಇಲ್ಲಾಂದ್ರೆ ಜೇಡ ಸೇರ್ಕೊಳ್ಳುತ್ತೆ" ಅಂದರು. ಎಲ್ಲಿ ಹಾಕೋದು ಅನ್ನೋದೇ ದೊಡ್ಡ ಜಗಳ. ನಾನು ಟೆರೇಸ್ ಅಂದೆ, ಅಲ್ಲಿ ವೈಫೈ ಚೆನ್ನಾಗಿ ಸಿಗುತ್ತೆ. ಹೂವಿನ ಅಂಗಡಿಯ ಅಮ್ಮ, "ಹೊಗೆ ಕುಡಿಯೋರು ನಾವು ಕೆಳಗೆ, ನೀವು ಅಳೆಯೋದು ಮೇಲಾ?" ಅಂತ ಕೇಳಿದರು. ಜೆರಾಕ್ಸ್ ಅಂಗಡಿ ಗೋಡೆಗೆ, ತಲೆಗಿಂತ ಸ್ವಲ್ಪ ಮೇಲೆ ಹಾಕಿದೆವು.

ಈ ಸೆನ್ಸರ್‌ಗೆ ತೇವ ಆಗಿಬರಲ್ಲ. ಮಂಜು ಬಿದ್ದ ಬೆಳಿಗ್ಗೆ ನೀರಿನ ಹನಿಯನ್ನೂ ದೂಳು ಅಂತ ಎಣಿಸುತ್ತೆ. ಅದಕ್ಕೆ ಪಕ್ಕದಲ್ಲೇ ತೇವಾಂಶದ ಸೆನ್ಸರ್ ಇಟ್ಟು, ಶೇ. 70 ದಾಟಿದ ಹೊತ್ತಿನ ಅಂಕಿಗಳನ್ನು ಯಾರಿಗೂ ತೋರಿಸುವುದಿಲ್ಲ ಅಂತ ತೀರ್ಮಾನಿಸಿದೆವು. ಒಂದು ಕ್ಷಣದ ಅಂಕಿ ಹಿಡಿದು ಕೂಗಾಡೋದೂ ಬೇಡ. ಪಿಎಂ 2.5, ಅಂದ್ರೆ 2.5 ಮೈಕ್ರಾನ್‌ಗಿಂತ ಸಣ್ಣ ದೂಳಿಗೆ ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎರಡೂ 24 ಗಂಟೆಯ ಸರಾಸರಿಗೆ ಹೇಳಿದ ಮಾತು.

ಗ್ರಾಫ್‌ನಲ್ಲಿ ಬೆಳಗಿನ ಜಾವ ದಿನಾ ಒಂದು ಗುಡ್ಡ ಏಳುತ್ತಿತ್ತು. ಹೋಗಿ ನೋಡಿದರೆ ಗುಡಿಸಿದ ಎಲೆಗೆ ಬೆಂಕಿ. ಒಬ್ಬರು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕೋಣ ಅಂದರು. ಬೇಡ ಅಂದೆವು, ಅಳತೆ ಶುರು ಮಾಡಿದ್ದು ಪೌರಕಾರ್ಮಿಕರ ಮೇಲೆ ದೂರು ಕೊಡೋಕಲ್ಲ, ಅಲ್ವಾ? ಸುಮ್ನೆ ಅವರನ್ನೇ ಕೇಳಿದೆವು. ಎಲೆ ಒಯ್ಯೋಕೆ ಗಾಡಿ ಬರಲ್ಲ, ರಸ್ತೆ ಖಾಲಿ ಕಾಣದಿದ್ದರೆ ಬೈಗುಳ ತಿನ್ನೋದು ಅವರೇ. ನಮ್ಮ ಯಂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತಾಗಬೇಕು!

ಆಮೇಲೆ ಪಾರ್ಕಿನ ಮೂಲೆಯಲ್ಲಿ ಕಬ್ಬಿಣದ ಜಾಲರಿ ಸುತ್ತಿ ಎಲೆಗೊಬ್ಬರದ ಗೂಡು ಮಾಡಿದೆವು. ಬಾಗಿಲು ಕೆಳಗಡೆ ಇರಲಿ, ಗೊಬ್ಬರ ತೆಗೆಯೋಕೆ ಸಲೀಸು ಅಂದದ್ದೂ ಗುಡಿಸುವವರೇ. ಬೆಳಗಿನ ಗುಡ್ಡ ಈಗ ಬಹಳ ಇಳಿದಿದೆ. ಖಾಲಿ ಸೈಟಿನಲ್ಲಿ ಇನ್ನೂ ಯಾರೋ ಕಸ ಸುಡುತ್ತಾರೆ. ಎಲೆ ಉದುರುವ ಕಾಲದಲ್ಲಿ ಒಂದು ಗೂಡು ಸಾಕಾಗಲ್ಲ, ಎರಡನೆಯದಕ್ಕೆ ಜಾಗ ಹುಡುಕುತ್ತಿದ್ದೇವೆ.