ಮೊದಲು ಜೂನ್ ಮುಂಗಡ ತಪ್ಪಿಸಿ, ಆಮೇಲೆ ದನ: ನನ್ನ ಅನುಭವ

ಸಾಲ ಕೊಟ್ಟು ದನ ಕಟ್ಟಿಸಿದರೆ ಮನೆ ಎದ್ದು ನಿಲ್ಲುತ್ತದೆ ಎನ್ನುವ ಲೆಕ್ಕ ಮಲೆನಾಡಿನ ನಮ್ಮ ಹೊಸನಗರದ ಮಳೆಗೆ ತಡೆಯುವುದಿಲ್ಲ. ಇದನ್ನು ತರಬೇತಿಯಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ಈಗ ನಗರ ಹೋಬಳಿಯ ಎರಡು ಕೇರಿಗಳ ಮೂವತ್ತು ಚಿಲ್ಲರೆ ಮನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಯವರು ಅಡಿಕೆ ಸುಲಿಯುವ ಕೂಲಿಯ ಮೇಲೆ ಯಾರ ಮುಂಗಡಕ್ಕೂ ಕೈ ಚಾಚದೆ ಮಳೆಗಾಲ ಕಳೆದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಎಂಬಿಕೆ, ಅಂದರೆ ಲೆಕ್ಕಪುಸ್ತಕ ಬರೆಯುವವಳು.

ಸಂಘದ ಸಾಲದ ಮೊದಲ ಸುತ್ತಿನಲ್ಲಿ ಎಲ್ಲರ ಹಾಗೆ ನಮ್ಮಲ್ಲೂ ದನದ ಸಾಲವೇ ಆಯಿತು. ಒಂಬತ್ತು-ಹತ್ತು ಮನೆಗೆ ಮಿಶ್ರತಳಿ ದನ, ಒಂದಕ್ಕೆ 45-50 ಸಾವಿರ. ಸಾಲ ಮಂಜೂರಾಗಿದ್ದು ಬೇಸಿಗೆಯಲ್ಲಿ, ಖರೀದಿಯೂ ಆಗಲೇ. ಜೂನ್ ಮುಗಿಯುವಷ್ಟರಲ್ಲಿ ಕೊಟ್ಟಿಗೆಯ ನೆಲ ಕೆಸರಾಗಿ ಒಂದರ ಹಿಂದೆ ಒಂದು ದನಕ್ಕೆ ಕೆಚ್ಚಲು ಬಾವು. ಒಣಹುಲ್ಲು ತರಿಸೋಣ ಎಂದರೆ ಬಾಡಿಗೆಯೇ ಹುಲ್ಲಿಗಿಂತ ದುಬಾರಿ. ಡೇರಿಗೆ ಹಾಲು ಹೊರಬೇಕಾದರೆ ಎರಡು ಕಿಲೋಮೀಟರ್ ಜಾರುದಾರಿ. ಆಗಸ್ಟ್ ಕಂತು ಕಟ್ಟಲು ಹೆಂಗಸರು ಚೇಣಿದಾರರ (ತೋಟದ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವವರ) ಮನೆ ಬಾಗಿಲಿಗೆ ಹೋಗಿ ಅಡಿಕೆ ಸುಲಿಯುವ ಮುಂಗಡ ತಂದರು. ದನದ ಸಾಲಕ್ಕೆ ಕೂಲಿಯ ಸಾಲ! ಮುಂದಿನ ಬೇಸಿಗೆಗೆ ಅರ್ಧಕ್ಕಿಂತ ಹೆಚ್ಚು ದನ ಮಾರಾಟವಾದವು, ಇಪ್ಪತ್ತು ಸಾವಿರ ಸಿಕ್ಕಿದ್ದೇ ದೊಡ್ಡದು. ಪಕ್ಕದ ಸಂಘದವರು ಒಂದೂವರೆ ಲಕ್ಷದ ಅಡಿಕೆ ಹಾಳೆತಟ್ಟೆ ಯಂತ್ರ ಹಾಕಿದ್ದರು. ಅವರ ಹಾಳೆಯೆಲ್ಲ ಮಳೆಗಾಲದಲ್ಲಿ ಬೂಷ್ಟು ಹಿಡಿದು ಕಪ್ಪಾಯಿತು.

ಆಮೇಲೆ ನಾನು ಮನೆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆ ಹೇಗೆ ಉರಿಯುತ್ತದೆ? ಆದಾಯ ಎಷ್ಟು ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಇದಕ್ಕೆ ಎಲ್ಲರೂ ಹೇಳಿದರು. ನೆಟ್ಟಿ ಮುಗಿದ ಮೇಲೆ ಕೂಲಿ ಇಲ್ಲ. ಮನೆಗೆ 8ರಿಂದ 15 ಸಾವಿರ ಮುಂಗಡ. ಅದು ತೀರುವುದು ಅಡಿಕೆ ಗೊನೆ ಕೊಯ್ಲಿನ ನಂತರ, ಸುಲಿಯುವ ಕಾಲದಲ್ಲಿ. ಮುಂಗಡ ತಂದವರಿಗೆ ಸುಲಿದ ಅಡಿಕೆ ಅಳೆಯುವ ಡಬ್ಬವೊಂದಕ್ಕೆ ಕೂಲಿಯಲ್ಲಿ ಹತ್ತು-ಹದಿನೈದು ರೂಪಾಯಿ ಕಡಿಮೆ, ಬೇರೆ ಕಡೆ ಹೆಚ್ಚು ಕೊಡುತ್ತೇವೆಂದರೂ ಹೋಗುವ ಹಾಗಿಲ್ಲ. ಬಡ್ಡಿ ಎಂಬ ಮಾತೇ ಅಲ್ಲಿ ಬರುವುದಿಲ್ಲ, ಆದರೆ ನಾನು ಲೆಕ್ಕ ಹಾಕಿದರೆ ಹತ್ತು ಸಾವಿರಕ್ಕೆ ನಾಲ್ಕೈದು ಸಾವಿರ ಕೂಲಿಯಲ್ಲೇ ಹೋಗುತ್ತಿತ್ತು. ಈ ತೂತು ಮುಚ್ಚದೆ ಮೇಲಿಂದ ಏನು ಸುರಿದರೂ ಸೋರಿ ಹೋಗುತ್ತದೆ.

2023ರ ಆಗಸ್ಟ್ ಕೊನೆಗೆ ಹೆಂಗಸರಿಗೆ ಗೃಹಲಕ್ಷ್ಮಿಯ ತಿಂಗಳ 2,000 ಶುರುವಾಯಿತು. ಆ ದುಡ್ಡಿನಿಂದಲೇ ‘ಮಳೆಗಾಲದ ಹುಂಡಿ’ ಮಾಡಿದೆ. ಅಕ್ಟೋಬರ್‌ನಿಂದ ಮೇವರೆಗೆ ತಿಂಗಳಿಗೆ ಏಳುನೂರು-ಎಂಟುನೂರು, ಬೇರೆ ಖಾತೆ, ಬೇರೆ ಪುಸ್ತಕ. ಎರಡು-ಮೂರು ಕಂತು ಒಟ್ಟಿಗೆ ಬಂದರೆ ಅರ್ಧ ಹುಂಡಿಗೆ. ಈ ಹಣವನ್ನು ಆಂತರಿಕ ಸಾಲಕ್ಕೆ, ಅಂದರೆ ಸಂಘದೊಳಗಿನ ಸದಸ್ಯರಿಗೆ ಸಾಲವಾಗಿ, ಕೊಡುವಂತಿಲ್ಲ ಎಂಬ ನಿಯಮದ ಮೇಲೇ ಜಗಳ ಹತ್ತಿತು. ಮೇಲಿನವರು "ಸಂಘದ ದುಡ್ಡು ಕೊಳೆಯಬಾರದು, ತಿರುಗಬೇಕು" ಎಂದರು. ತಿರುಗಿದ ದುಡ್ಡು ಜೂನ್ ಒಂದಕ್ಕೆ ಕೈಗೆ ಸಿಗುತ್ತದೆಯೇ? ನಮ್ಮ ಸಂಘಗಳ ಉಳಿತಾಯವೆಲ್ಲ ಮೇ ತಿಂಗಳಲ್ಲಿ ಮದುವೆ, ಶಾಲೆ ಎಂದು ಹೊರಗೇ ಇರುತ್ತದೆ. ನಾನು ಬಿಡಲಿಲ್ಲ. ಜಾತ್ರೆಗೂ ತೆಗೆಯಗೊಡಲಿಲ್ಲ. ಗಂಡಸರು ಈ ಪುಸ್ತಕದ ತಂಟೆಗೆ ಬಾರದ ಹಾಗೆ ಮಾಡಿದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಆ ಗುಟ್ಟು ಹೊರಗೆ ಬಿದ್ದರೆ ಮುಂದೆ ನಡೆಯುವುದಿಲ್ಲ.

ಮೇ ಕೊನೆಗೆ ಮನೆಗೆ ಐದಾರು ಸಾವಿರ ಕೂಡಿತು. ಅರ್ಧದಲ್ಲಿ ಒಟ್ಟಿಗೆ ದಾಸ್ತಾನು ತಂದೆವು: ಒಣಮೀನು, ಮೆಣಸಿನಕಾಯಿ, ಬೇಳೆ, ಎಣ್ಣೆ, ಮಕ್ಕಳಿಗೆ ಕೊಡೆ. ಸಗಟು ಅಂಗಡಿಯಲ್ಲಿ ಹತ್ತರಲ್ಲೊಂದು ಪಾಲು ಉಳಿಯಿತು. ಉಳಿದರ್ಧ ಆಗಸ್ಟ್‌ಗೆ. ಅಕ್ಕಿ ಅನ್ನಭಾಗ್ಯದ್ದೇ. ಮೊದಲ ವರ್ಷ ಅರ್ಧದಷ್ಟು ಮನೆ ಮುಂಗಡವಿಲ್ಲದೆ ಉಳಿದುಕೊಂಡವು, ಅಷ್ಟು ಸಾಕಾಯಿತು. ನವೆಂಬರ್‌ನಲ್ಲಿ ಆ ಮನೆಯ ಹೆಂಗಸರು ತಂಡ ಕಟ್ಟಿ ಬೆಳೆಗಾರರ ಹತ್ತಿರ ನೇರ ದರ ಮಾತಾಡಿದರು. ಸುಲಿಯುವ ಯಂತ್ರ ಬಂದಿದ್ದರೂ ಹೇಳಿದ ದಿನ ಬರುವ ಜನಕ್ಕೆ ಬೆಲೆ ಇದೆ. ಒಬ್ಬೊಬ್ಬರಿಗೆ ಹಿಂದಿನ ವರ್ಷಕ್ಕಿಂತ ಏಳೆಂಟು ಸಾವಿರ ಹೆಚ್ಚು ಬಂತು. ಎರಡನೇ ವರ್ಷ ಉಳಿದವರು ತಾವಾಗಿ ಬಂದು ಸೇರಿದರು.

ದನದ ಮಾತು ಇದಾದ ಮೇಲೆ. ಅದೂ ಕೊಟ್ಟಿಗೆ ಮೊದಲು, ಹುಲ್ಲು ಆಮೇಲೆ, ದನ ಕೊನೆಗೆ. ಉದ್ಯೋಗ ಖಾತ್ರಿಯಲ್ಲಿ ಕೊಟ್ಟಿಗೆಗೆ 57,000 ಇತ್ತು. ಸಾಮಗ್ರಿಯ ಹಣ ಬರುವವರೆಗೆ ಸಿಮೆಂಟ್, ಶೀಟು ಉದ್ರಿ ಸಿಗಬೇಕು, ಅಲ್ಲಿ ಒಕ್ಕೂಟದ ಹೆಸರು ಕೆಲಸಕ್ಕೆ ಬಂತು. ಖರೀದಿ ದೀಪಾವಳಿ ಕಳೆದ ಮೇಲೆಯೇ, ಮುಂದಿನ ಮಳೆಯೊಳಗೆ ದನಕ್ಕೂ ಮನೆಯವರಿಗೂ ಹೊಂದಿಕೆಯಾಗಿರುತ್ತದೆ. ಹೀಗೆ ಬಂದ ಏಳು ದನಗಳಲ್ಲಿ ಒಂದೂ ಮಾರಾಟವಾಗಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ.

ನಡುವೆ ಉಪ್ಪಾಗೆಯನ್ನೂ (ಒಣ ಸಿಪ್ಪೆಗೆ ಬೆಲೆಯಿರುವ ಹುಳಿ ಕಾಡುಹಣ್ಣು) ನೋಡಿದೆವು. ಜುಲೈನಲ್ಲಿ ಹಣ್ಣು, ಅಂದರೆ ಮಳೆಗಾಲದಲ್ಲೇ ದುಡ್ಡು, ಆಸೆ ಹುಟ್ಟದೆ ಇರುತ್ತದೆಯೇ? ಆದರೆ ಸಿಪ್ಪೆಯನ್ನು ಬೆಂಕಿಯ ಮೇಲೇ ಒಣಗಿಸಬೇಕು, ಸೌದೆ ವಿಪರೀತ. ತಗಡಿನ ಗೂಡು ಮಾಡಿ ಹೊಗೆಯನ್ನು ಸುತ್ತಿಸಿ ಬಿಟ್ಟರೆ ಸೌದೆ ಮೂರರಲ್ಲೊಂದು ಪಾಲು ಉಳಿಯುತ್ತದೆ, ಬಣ್ಣವೂ ಚೆನ್ನ. ದರ ಮಾತ್ರ ಒಂದು ವರ್ಷದಂತೆ ಇನ್ನೊಂದು ವರ್ಷ ಇಲ್ಲ. ಮೂರು ಮನೆಯವರು ಈಗಲೂ ಮಾಡುತ್ತಾರೆ, ನಾನು ಉಳಿದವರಿಗೆ ಹೇಳುವುದಿಲ್ಲ.

ದನ ಬೇಡ ಎನ್ನುವವರ ಬಾಯಲ್ಲಿ ಬರುವ ಕಾರಣ ಬೇರೆಯೇ. "ಕಾರ್ಡ್ ಹೋದ್ರೆ ಎಂತ ಮಾಡೂದು ಮಾರಾಯ್ತಿ?" ಬಿಪಿಎಲ್ ಪಡಿತರ ಚೀಟಿಗೆ ವರ್ಷಕ್ಕೆ 1.20 ಲಕ್ಷ ಆದಾಯದ ಮಿತಿ, ಹಾಲಿನ ದುಡ್ಡು ಸೇರಿ ಅದನ್ನು ದಾಟೀತು ಎಂಬ ಹೆದರಿಕೆ. ಹೆದರಬೇಡಿ ಎಂದರೆ ಹೆದರಿಕೆ ಹೋಗುವುದಿಲ್ಲ, ನಾನು ಹಾಳೆ ಹಿಡಿದು ಕೂತು ಬರೆದು ತೋರಿಸಿದೆ. ಗೃಹಲಕ್ಷ್ಮಿ ಎಪಿಎಲ್‌ಗೂ ಇದೆ, ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಿಗಷ್ಟೇ ಇಲ್ಲ. ಹೆಂಗಸರ ಉಚಿತ ಬಸ್ಸಿಗೆ ಈ ಕಾರ್ಡೇ ಬೇಡ. ಹೋಗುವುದು ಅಕ್ಕಿ: 2025ರ ಫೆಬ್ರವರಿಯಿಂದ ತಲೆಗೆ 10 ಕೆ.ಜಿ. ಬಂತಲ್ಲ, ನಾಲ್ಕು ಜನಕ್ಕೆ ತಿಂಗಳಿಗೆ ಆಗ ಸುಮಾರು 1,600 ರೂಪಾಯಿಯ ಮಾಲು. ಇನ್ನೊಂದು ಆಸ್ಪತ್ರೆ: ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ಗೆ 5 ಲಕ್ಷದವರೆಗೆ ಪೂರ್ತಿ, ಎಪಿಎಲ್‌ಗೆ ಸರ್ಕಾರ ಗೊತ್ತುಮಾಡಿದ ದರದ ಶೇ. 30 ಮಾತ್ರ, ಅದೂ 1.5 ಲಕ್ಷದವರೆಗೆ. ನಿಜವಾದ ಭಯ ಇದೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದರೆ ಎರಡನೇ ದನಕ್ಕೆ ಅವಸರ ಮಾಡಬೇಡಿ ಎಂದೇ ಹೇಳುತ್ತೇನೆ. ಇಲ್ಲದಿದ್ದರೆ, ಮಿತಿ ದಾಟಿ ಕನಿಷ್ಠ ನಲವತ್ತು ಸಾವಿರ ಮೇಲೆ ಹೋಗುವ ಹಾಗೆ ಯೋಜನೆ ಮಾಡಿ. ಗೆರೆಯ ಅಂಚಿನಲ್ಲಿ ನಿಂತವರಿಗೇ ನಷ್ಟ.

ಐದಾರು ಮನೆ ಈ ದಾರಿಗೆ ಬರುವುದಿಲ್ಲ. ಒಂಟಿ ಅಜ್ಜಿಯರು, ಸಂಧ್ಯಾ ಸುರಕ್ಷೆ ಪಿಂಚಣಿಯ ತಿಂಗಳ 1,200ರಲ್ಲಿ ಬದುಕುವವರು. ಅವರ ಎಂಸಿಪಿಯಲ್ಲಿ (ಸಂಘದ ಕಿರುಸಾಲ ಯೋಜನೆಯ ಹಾಳೆಯಲ್ಲಿ) ‘ಆದಾಯ ಚಟುವಟಿಕೆ’ ತುಂಬಿಸಿ ಎಂದು ಒತ್ತಡ ಬರುತ್ತದೆ, ನಾನು ಖಾಲಿ ಬಿಡುತ್ತೇನೆ. ಹುಂಡಿಗೆ ತಿಂಗಳಿಗೆ ಇನ್ನೂರು ಹಾಕುತ್ತಾರೆ, ಮೇ ತಿಂಗಳ ದಾಸ್ತಾನಿನಲ್ಲಿ ಅವರಿಗೂ ಸಮನಾದ ಚೀಲ. ಕಡಿಮೆ ಬಿದ್ದದ್ದನ್ನು ಸುಲಿಯುವ ತಂಡದವರು ತುಂಬುತ್ತಾರೆ. ಈ ವರ್ಷದ ಹುಂಡಿಗೆ ಇನ್ನೊಂದು ಕೇರಿಯ ಹನ್ನೆರಡು ಮನೆ ಹೆಸರು ಬರೆಸಿವೆ.